ಕೂಗದೆ ಉಳಿದ ಹೆಸರು

ಮನ್ರೋ, ಲೂಯಿಸಿಯಾನ
ಜುಲೈ 26, 2022

ಪ್ರೀತಿಯ ವೆಂಡೆಲ್,

ನೀನು, ನಾಡೀನ್, ಮಕ್ಕಳು ಎಲ್ಲರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ತಿಂಗಳಾಗುತ್ತ ಬಂತು. ಅದು ಇಷ್ಟು ದಿನವೂ ನನ್ನ ಕಾರಿನಲ್ಲೇ, ರಸ್ತೆ ನಕ್ಷೆಗಳ ನಡುವೆ ನನ್ನ ಜೊತೆಗೇ ಸುತ್ತುತ್ತಿತ್ತು. ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸು. ಫೋನ್ ಎತ್ತದೆ ಇದ್ದುದಕ್ಕೂ ಕ್ಷಮಿಸು. ಎತ್ತಿದ್ದರೆ ನಿನ್ನದೇನೂ ತಪ್ಪಿಲ್ಲದೆ ನಿನ್ನ ಮೇಲೆ ಕೂಗಾಡಿಬಿಡುತ್ತಿದ್ದೆ. ಈ ಬೇಸಿಗೆಯಲ್ಲಿ ನಾನು ಯಾರ ಮೇಲೆ ಕೂಗಾಡಿಲ್ಲ ಹೇಳು? ಪೆಟ್ರೋಲ್ ಬಂಕಿನವನ ಮೇಲೆ ಕೂಗಾಡಿದೆ. ಪ್ರಾರ್ಥನೆ ಮುಗಿಸಿ ಕೈಕುಲುಕಲು ಬಂದ ಪಾದ್ರಿಯ ಮೇಲೆ ಕೂಗಾಡಿದೆ. ನಿನ್ನ ಅಮ್ಮನ ಮೇಲೆ ಕೂಗಾಡಿದ್ದಕ್ಕೆ ಆಕೆ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಬೆಳಿಗ್ಗೆ ಕಾಗದ, ಪೆನ್ನು ತಂದು ನನ್ನ ಮುಂದೆ ಕುಕ್ಕಿ, "ಹೊಟ್ಟೇಲಿರೋದನ್ನ ವೆಂಡೆಲ್‌ಗೆ ಬರೀರಿ. ನನ್ನ ತಲೆ ತಿನ್ನಬೇಡಿ" ಎಂದು ತರಕಾರಿ ತೋಟಕ್ಕೆ ಹೋದಳು. ಈಗ ಅಲ್ಲೇ ಬೆಂಡೆಕಾಯಿ ಕೊಯ್ಯುತ್ತಿದ್ದಾಳೆ. ಕಿಟಕಿಯಿಂದ ಅವಳ ಟೋಪಿ ಮಾತ್ರ ಕಾಣಿಸುತ್ತದೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಶುಕ್ರವಾರ ಕೆಲಸ ಬಿಟ್ಟೆ. ನಲವತ್ತೊಂದು ವರ್ಷ ಊರೂರು ತಿರುಗಿ, ಕಾಲೇಜು ಹುಡುಗರ ಬೇಸ್‌ಬಾಲ್ ನೋಡಿ, ಇವನು ನಮ್ಮ ತಂಡಕ್ಕೆ ಆಗುತ್ತಾನೆ, ಇವನು ಆಗುವುದಿಲ್ಲ ಎಂದು ಬರೆದು ಕಳಿಸುವ ಕೆಲಸ. ಯಾರೂ ನನ್ನನ್ನು ತೆಗೆದುಹಾಕಲಿಲ್ಲ. ತೆಗೆದುಹಾಕಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರು ನನ್ನನ್ನು ಹೊಗಳಿದರು. ಅದಕ್ಕೇ ಬಿಟ್ಟೆ.

ಜೂಡ್ ಫಾಂಟೆನೊ ಎಂಬ ಹುಡುಗನ ಹೆಸರನ್ನು ನೀನು ಕೇಳಿರಲಿಕ್ಕಿಲ್ಲ. ಇನ್ನು ಮುಂದೆ ಕೇಳುವುದೂ ಇಲ್ಲ. ಟೆಂಬ್ರೂಕ್ ಕಾಲೇಜಿನ ಪಿಚರ್, ಎಂದರೆ ಚೆಂಡು ಎಸೆಯುವವನು. ಇಪ್ಪತ್ತೆರಡು ವರ್ಷ, ಕೊನೆಯ ವರ್ಷದ ವಿದ್ಯಾರ್ಥಿ. ಫೆಬ್ರವರಿಯ ಚಳಿಯಲ್ಲಿ ಬೇರೆ ಯಾವನನ್ನೋ ನೋಡಲು ಹೋಗಿದ್ದೆ. ಆ ಬೇರೆಯವನು ಎದೆ ಉಬ್ಬಿಸಿಕೊಂಡು ತೊಂಬತ್ತಾರು ಮೈಲಿ ವೇಗದಲ್ಲಿ ಚೆಂಡನ್ನು ಗುರಿ ತಪ್ಪಿ ಬೇಲಿಗೆ ಎಸೆಯುತ್ತಿದ್ದ. ಅವನಾದ ಮೇಲೆ ಈ ಜೂಡ್ ಬಂದ. ಅಗಲ ಕಿವಿ, ಸ್ವಲ್ಪ ಹೊಟ್ಟೆ, ಸೊಂಟದಲ್ಲಿ ನಿಲ್ಲದ ಪ್ಯಾಂಟು. ನನ್ನ ಹಾಗೆ ಬೇರೆ ತಂಡಗಳಿಗಾಗಿ ಹುಡುಗರನ್ನು ನೋಡಲು ಬಂದಿದ್ದ ಸ್ಕೌಟುಗಳೆಲ್ಲ ವೇಗ ಅಳೆಯುವ ಗನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಕಾಫಿಗೆ ಎದ್ದರು. ನನಗೆ ಮಂಡಿ ನೋವು, ಅದಕ್ಕೆ ಕೂತೇ ಇದ್ದೆ. ನನ್ನ ಜಾಣತನ ಏನೂ ಇಲ್ಲ.

ವೆಂಡೆಲ್, ಆ ಹುಡುಗ ಹನ್ನೊಂದು ಜನರನ್ನು ಒಬ್ಬರ ಹಿಂದೊಬ್ಬರಂತೆ ಔಟು ಮಾಡಿದ. ತೊಂಬತ್ತು, ತೊಂಬತ್ತೊಂದು ಮೈಲಿಗಿಂತ ಒಂದು ಎಸೆತವೂ ಮೇಲೆ ಹೋಗಲಿಲ್ಲ. ಆದರೆ ಅವನಲ್ಲಿ ಒಂದು ನಿಧಾನದ ಎಸೆತ ಇತ್ತು. ಅದೇ ಕೈಬೀಸು, ಅದೇ ಮುಖ, ಚೆಂಡು ಮಾತ್ರ ಹಿಂದೆ ಉಳಿಯುತ್ತಿತ್ತು. ಎದುರಿನವನು ಬ್ಯಾಟು ಬೀಸಿ, ತಿರುಗಿ, ತಾನೇ ಪೆಚ್ಚಾಗಿ ನಿಂತ ಮೇಲೆ ಚೆಂಡು ಆರಾಮವಾಗಿ ಬಂದು ಅವನ ಹಿಂದೆ ಕೂತ ಕ್ಯಾಚರನ ಕೈಗೆ ಸೇರುತ್ತಿತ್ತು. ನಾನು ಒಬ್ಬನೇ ಕೂತು ಜೋರಾಗಿ ನಕ್ಕುಬಿಟ್ಟೆ. ಮುಖದಲ್ಲಿ ಏನೂ ತೋರಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಲವತ್ತು ವರ್ಷದಲ್ಲಿ ಅದನ್ನು ನಾನು ಮರೆತದ್ದು ಅವತ್ತೊಂದು ದಿನ.

ಜುಲೈ ಡ್ರಾಫ್ಟಿನಲ್ಲಿ, ತಂಡಗಳೆಲ್ಲ ಸುತ್ತು ಸುತ್ತಾಗಿ ಹೊಸ ಹುಡುಗರ ಹೆಸರು ಕೂಗಿ ಆರಿಸಿಕೊಳ್ಳುವಾಗ, ಇವನನ್ನು ಐದನೆಯ ಸುತ್ತಿನಲ್ಲಿ ತೆಗೆದುಕೊಳ್ಳಿ ಎಂದು ಬರೆದು ಕಳಿಸಿದೆ. ಅಲ್ಲಿಂದ ಶುರುವಾಯಿತು ಕೈಲ್ ಪ್ರೂಯಿಟ್‌ನ ಜೊತೆ ಜಗಳ. ಕೈಲ್ ಎಂದರೆ ನನ್ನ ಮೇಲಿನವನು. ಮೂವತ್ತೊಂದು ವರ್ಷ. ನಾವು ಬರೆದ ಹುಡುಗರನ್ನು ಇನ್ನೊಮ್ಮೆ ಬಂದು ನೋಡಿ ಹೂಂ ಎನ್ನುವುದು ಅಥವಾ ಊಹೂಂ ಎನ್ನುವುದು ಅವನ ಕೆಲಸ. ಕೆಟ್ಟವನಲ್ಲ. ಹುಟ್ಟಿದಂದಿನಿಂದ ಬಿಸಿಲಿನಲ್ಲಿ ಒಂದು ತಾಸು ಸುಮ್ಮನೆ ಕೂತವನಲ್ಲ, ಅಷ್ಟೇ.

"ಎಮೆಟ್, ತೊಂಬತ್ತೊಂದನ್ನ ಈಗ ಹೈಸ್ಕೂಲ್ ಹುಡುಗ್ರೂ ಎಸೀತಾರೆ" ಎಂದ ಫೋನಿನಲ್ಲಿ.

"ಎಸೀತಾರಪ್ಪಾ. ಎಲ್ಲಿಗೆ ಎಸೀತಾರೆ ಅಂತ ಕೇಳಿದ್ಯಾ?"

"ನಮ್ಮ ಪಟ್ಟೀಲಿ ಇವನು ಐನೂರರ ಆಚೆ ಇದಾನೆ."

"ನಿಮ್ಮ ಪಟ್ಟಿ ಒಂದಿನಾನಾದ್ರೂ ಟೆಂಬ್ರೂಕಿಗೆ ಬಂದು ಬೆಂಚ್ ಮೇಲೆ ಕೂತಿದ್ಯಾ?"

"ಸಿಟ್ಟು ಮಾಡ್ಕೋಬೇಡಿ ಮಾರಾಯ್ರೆ. ಒಂದೇ ಒಂದು ದಿನ ತೊಂಬತ್ನಾಲ್ಕು ತೋರಿಸ್ಲಿ. ಮೇ ಆರಕ್ಕೆ ನಾನೇ ಬರ್ತೀನಿ. ತೋರಿಸಿದ್ರೆ ಮೀಟಿಂಗ್‌ನಲ್ಲಿ ನಾನೇ ಅವನ ಪರ ನಿಲ್ತೀನಿ, ಸರೀನಾ?"

ಸರಿ ಎಂದೆ. ಅವತ್ತೇ ಫೋನನ್ನು ಅವನ ತಲೆಯ ಮೇಲೆ ಕುಟ್ಟಬೇಕಿತ್ತು.

ಏಪ್ರಿಲ್ ಕೊನೆಗೆ ಜೂಡ್‌ನ ಮನೆಗೆ ಹೋದೆ. ಹುಡುಗನ ಅಪ್ಪ ಅಮ್ಮನ ಜೊತೆ ಊಟದ ಮೇಜಿಗೆ ಕೂತು, ಅವರ ಎತ್ತರ, ಭುಜ, ಮಾತು, ಅವರು ಮಗನನ್ನು ನೋಡುವ ರೀತಿ ಎಲ್ಲವನ್ನೂ ಅಳೆದು ಬರುವುದು ನಮ್ಮ ಪದ್ಧತಿ. ಅವರದು ದಕ್ಷಿಣದಲ್ಲಿ, ಮೂರು ತಾಸಿನ ದಾರಿ. ಬೇಸಿಗೆಯಲ್ಲಿ ಭತ್ತ, ನೀರು ನಿಲ್ಲಿಸಿದ ಅದೇ ಗದ್ದೆಯಲ್ಲಿ ಚಳಿಗಾಲಕ್ಕೆ ಕ್ರಾಫಿಷ್ ಸೀಗಡಿ. ತಾಯಿ ವರ್ನಾ ಮಾಡಿದ್ದ ಸೀಗಡಿ ಸಾರು, ಅನ್ನವನ್ನು ಎರಡು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಕೇಳದೆಯೇ ಹಾಕಿದಳು. ಅಪ್ಪ ಅಲ್ಸೀಡ್ ಊಟದುದ್ದಕ್ಕೂ ನನ್ನನ್ನೇ ನೋಡುತ್ತಿದ್ದ. ಕೊನೆಗೆ ಚಮಚ ಕೆಳಗಿಟ್ಟು ಕೇಳಿದ:

"ಸರ್, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಮ್ಮ ಹುಡುಗನ ಹೆಸರು ಕರೀತಾರೋ ಇಲ್ವೋ? ಕರೀದಿದ್ರೆ ಪರವಾಗಿಲ್ಲ, ಗದ್ದೆ ಇದೆ. ಆದ್ರೆ ಇವನು ಎಂಟು ವರ್ಷದವನಿದ್ದಾಗಿಂದ ಕೊಟ್ಟಿಗೆ ಗೋಡೆಗೆ ಎಸೀತಾ ಇದಾನೆ. ಆ ಗೋಡೇಲಿ ಈಗ ತೂತು ಬಿದ್ದಿದೆ. ಇವನಿಗೊಂದು ಉತ್ತರ ಬೇಕು."

"ಮಾತು ಕೊಡೋಕೆ ನನಗೆ ಅಧಿಕಾರ ಇಲ್ಲ" ಎಂದೆ. ಹಾಗೆಯೇ ಹೇಳಬೇಕು. ಅದೂ ಪದ್ಧತಿ. ಆಟಗಾರನಿಗೆ ಏನೂ ಹೇಳಬಾರದು, ಏನೂ ಆಸೆ ಹುಟ್ಟಿಸಬಾರದು, ಅವನ ಆಟದಲ್ಲಿ ಕೈ ಹಾಕಬಾರದು. ನೋಡಬೇಕು, ಬರೆಯಬೇಕು, ಹೋಗಬೇಕು.

ಅಷ್ಟು ಹೇಳಿ ಎದ್ದು ಬಂದಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ. ಜೂಡ್ ನನ್ನನ್ನು ಕಾರಿನ ತನಕ ಬಿಡಲು ಬಂದ. ನನಗೆ ಆ ಹುಡುಗ ಬೇಕಾಗಿತ್ತು, ವೆಂಡೆಲ್. ಕೈಲ್‌ನ ಪಟ್ಟಿಯ ಮೇಲೆ ಗೆಲ್ಲಬೇಕಾಗಿತ್ತು. ಮುದುಕನ ಕಣ್ಣು ಇನ್ನೂ ಮಂಜಾಗಿಲ್ಲ ಎಂದು ತೋರಿಸಬೇಕಾಗಿತ್ತು.

"ಮೇ ಆರಕ್ಕೆ ನಮ್ಮ ಆಫೀಸಿಂದ ಒಬ್ಬ ಬರ್ತಾನೆ. ಅವನಿಗೆ ತೊಂಬತ್ನಾಲ್ಕು ಬೇಕು" ಎಂದೆ.

ಅವನು ನಕ್ಕ. "ನನ್ನ ಹತ್ರ ತೊಂಬತ್ನಾಲ್ಕು ಇಲ್ಲ ಸರ್."

"ಹುಡುಕು" ಎಂದೆ.

ಅಷ್ಟೇ ನಾನು ಹೇಳಿದ್ದು. ಕಾರು ಹತ್ತಿ ಬಂದುಬಿಟ್ಟೆ. ದಾರಿಯುದ್ದಕ್ಕೂ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಮೇ ಆರರ ಶುಕ್ರವಾರ ಹುಡುಗ ಹುಡುಕಿಕೊಂಡೇ ಬಂದಿದ್ದ. ಬ್ಯಾಟು ಬೀಸುವವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಕೈಲ್‌ನನ್ನು ಬಿಟ್ಟು, ನಾವು ಹತ್ತೊಂಬತ್ತು ಜನ ಸ್ಕೌಟುಗಳು ಸಾಲಾಗಿ ಕೂತಿದ್ದೆವು. ಅವನು ಕೈ ಎತ್ತಿದಾಗಲೆಲ್ಲ ಹತ್ತೊಂಬತ್ತು ಗನ್ನು ಒಟ್ಟಿಗೆ ಮೇಲೇಳುತ್ತಿದ್ದವು. ಮೊದಲ ಎಸೆತ ತೊಂಬತ್ಮೂರು. ನಾಲ್ಕನೆಯದು ತೊಂಬತ್ತೈದು. ಕೈಲ್ ನನ್ನ ಪಕ್ಕೆಗೆ ತಿವಿದು, "ಎಲ್ಲಿ ಬಚ್ಚಿಟ್ಟಿದ್ರಿ ಇವನನ್ನ?" ಎಂದ. ನನಗೆ ಎಂಥಾ ಹೆಮ್ಮೆ ಎನ್ನುತ್ತೀ! ಆದರೆ ಆ ನಿಧಾನದ ಎಸೆತ, ನನ್ನನ್ನು ನಗಿಸಿದ್ದ ಆ ಎಸೆತ, ಅವತ್ತು ಎರಡೇ ಎರಡು ಸಲ ಬಂತು. ಉಳಿದದ್ದೆಲ್ಲ ಬರೀ ಜೋರು. ಬೇರೆ ಯಾವನೋ ಹುಡುಗನ ಆಟವನ್ನು ಇವನು ಆಡುತ್ತಿದ್ದ. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಅದು ನನಗೆ ಎರಡನೆಯ ಇನ್ನಿಂಗ್ಸಿಗೇ ಗೊತ್ತಾಗಿತ್ತು. ಗೊತ್ತಾಗಿಯೂ ಹೆಮ್ಮೆಯಿಂದಲೇ ಕೂತಿದ್ದೆ.

ಐದನೆಯ ಇನ್ನಿಂಗ್ಸ್ ಮುಗಿದ ಮೇಲೆ ಕೈಲ್ ವಿಮಾನ ಹಿಡಿಯಬೇಕೆಂದು ಎದ್ದ. "ನಾಲ್ಕನೇ ಸುತ್ತು. ಬರ್ಕೊಳ್ಳಿ" ಎಂದು ನನ್ನ ಬೆನ್ನು ತಟ್ಟಿ ಹೋದ.

ಆರನೆಯದರಲ್ಲಿ, ಎಂಬತ್ತೇಳನೆಯ ಎಸೆತದ ಮೇಲೆ, ಜೂಡ್ ಬಲಗೈಯನ್ನು ತೊಡೆಯ ಪಕ್ಕ ಕೆಳಗಿಳಿಸಿ ಒದರಿದ. ನೀರು ಕೊಡವುವವರ ಹಾಗೆ, ಎರಡೇ ಸಲ. ಆಮೇಲೆ ಉಂಗುರದ ಬೆರಳು ಮತ್ತು ಕಿರುಬೆರಳನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡ. ಆ ಎರಡು ಬೆರಳು ಜೋಮು ಹಿಡಿದರೆ ಮೊಣಕೈ ಒಳಗೆ ಏನೋ ಬಿಚ್ಚಿಕೊಳ್ಳುತ್ತಿದೆ ಎಂದೇ ಅರ್ಥ. ನಲವತ್ತೊಂದು ವರ್ಷದಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೆ! ಬೇರೆ ಯಾರೂ ನೋಡಲಿಲ್ಲ. ಎಲ್ಲರೂ ಗನ್ನಿನಲ್ಲಿ ಬಂದ ಅಂಕಿಯನ್ನು ಬರೆದುಕೊಳ್ಳುತ್ತಿದ್ದರು. ಹುಡುಗ ತಲೆ ಎತ್ತಿ ನೇರವಾಗಿ ನನ್ನನ್ನೇ ನೋಡಿದ. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ.

ನನ್ನ ಸೀಟಿನಿಂದ ಅವರ ಕೋಚು ನಿಂತಿದ್ದ ಕಂಬಿಯ ತನಕ ಹದಿನಾಲ್ಕು ಮೆಟ್ಟಿಲು. ಆಮೇಲೆ ಇನ್ನೊಂದು ದಿನ ಹೋಗಿ ಲೆಕ್ಕ ಹಾಕಿ ಬಂದೆ. ಮಂಡಿ ನೋವಿದ್ದರೂ ಅರ್ಧ ನಿಮಿಷ ಹಿಡಿಯುವುದಿಲ್ಲ. "ಹುಡುಗನ್ನ ಕೂರಿಸು, ಕೈ ಹೋಗ್ತಾ ಇದೆ" ಎನ್ನಲು ಇನ್ನೊಂದು ಕ್ಷಣ. ನಾನು ಇಳಿಯಲಿಲ್ಲ. ಸ್ಕೌಟು ಇಳಿಯುವುದಿಲ್ಲ. ಆಟದ ನಡುವೆ ಸ್ಕೌಟು ಕೋಚಿನ ಹತ್ತಿರ ಹೋದರೆ ಉಳಿದ ಹದಿನೆಂಟು ಜನ ಹಲ್ಲು ಕಿರಿಯುತ್ತಾರೆ, ಕೋಚು ಮುಂದಿನ ವರ್ಷ ಒಳಗೆ ಬಿಡುವುದಿಲ್ಲ. ಈ ಸುಡುಗಾಡು ಪದ್ಧತಿಯನ್ನು ಹಿಡಿದುಕೊಂಡು ಕೂತಿದ್ದೆ. ಹುಡುಗ ಇನ್ನೂ ನಲವತ್ನಾಲ್ಕು ಸಲ ಎಸೆದ. ಎಂಟನೆಯ ಇನ್ನಿಂಗ್ಸಿನಲ್ಲೂ ನಾನು ಗನ್ನು ಎತ್ತಿದೆ. ಎಂಬತ್ತೆಂಟು ಬಂತು. ಎಂಬತ್ತೆಂಟು ಎಂದು ಬರೆದುಕೊಂಡೆ, ವೆಂಡೆಲ್. ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ಅವತ್ತೇ ಮೋಟೆಲಿನಲ್ಲಿ ವರದಿ ಬರೆದೆ. ಆರನೆಯ ಇನ್ನಿಂಗ್ಸಿನಲ್ಲಿ ಕೈ ಒದರಿದ್ದು, ಎರಡು ಬೆರಳು ಮುಟ್ಟಿಕೊಂಡದ್ದು, ಮೊಣಕೈಯನ್ನು ಪರೀಕ್ಷೆ ಮಾಡಿಸದೆ ಇವನ ಹೆಸರು ಕರೆಯಬೇಡಿ ಎಂದು. ಸುಳ್ಳು ಬರೆಯಲಾರೆ. ಹುಡುಗನ ಕೈ ಉಳಿಸಲು ಬಾಯಿ ಬರದವನಿಗೆ ತಂಡದ ಕಾಸು ಉಳಿಸಲು ಪೆನ್ನು ಬಂತು.

ನಮ್ಮ ತಂಡ ಕಾಲೇಜಿಗೆ ಪತ್ರ ಬರೆದು ಮೊಣಕೈಯ ಸ್ಕ್ಯಾನ್ ಕೇಳಿತು. ಒಂದು ತಂಡ ಸ್ಕ್ಯಾನ್ ಕೇಳಿದರೆ ಉಳಿದ ಇಪ್ಪತ್ತೊಂಬತ್ತಕ್ಕೂ ವಾಸನೆ ಹೊಡೆಯುತ್ತದೆ. ಜೂನ್ ಮೊದಲ ವಾರ ಸ್ಕ್ಯಾನ್ ಆಯಿತು. ಒಳಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಡಾಕ್ಟರು ಹುಡುಗನಿಗೆ ಹೇಳಿದರಂತೆ: "ಮೊದಲು ಜೋಮು ಹಿಡಿದಾಗಲೇ ನಿಲ್ಲಿಸಿದ್ರೆ ಬಹುಶಃ ಒಂದೆರಡು ತಿಂಗಳ ವಿಶ್ರಾಂತೀಲಿ ವಾಸಿ ಆಗ್ತಿತ್ತು. ಆಮೇಲೆ ಎಸೆದದ್ದೇ ಕೆಡಿಸಿದ್ದು."

ನಾನು ನೆಟ್ಟಗೆ ಟೆಂಬ್ರೂಕಿಗೆ ಹೋಗಿ ಕೋಚ್ ಹಬರ್ಡ್‌ನ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನೂರಾ ಮೂವತ್ತೊಂದು ಎಸೆತ ಎಸೆಯಿಸಲು ನೀನೇನು ಕಟುಕನೇನು ಎಂದೆ. ಹಬರ್ಡ್ ಕುರ್ಚಿಯಿಂದ ಏಳಲೂ ಇಲ್ಲ.

"ಕೂಗಾಟ ಮುಗೀತಾ?" ಎಂದ. "ಆ ಹುಡುಗ ನನ್ನ ಹತ್ರ ಬಂದು ಏನಂದ ಗೊತ್ತಾ? 'ಕೋಚ್, ಸ್ಕೌಟುಗಳ ಗನ್ನು ಇನ್ನೂ ಮೇಲೇ ಇದೆ, ನನ್ನ ತೆಗೀಬೇಡಿ' ಅಂದ. ಅವತ್ತು ನಾನು ಅವನನ್ನ ತೆಗ್ದಿದ್ರೆ ನೀವು ಸ್ಕೌಟುಗಳೇ ಬರೀತಿದ್ರಿ, ಹುಡುಗನಿಗೆ ದಮ್ಮಿಲ್ಲ, ಕೋಚು ಬಚ್ಚಿಡ್ತಾನೆ ಅಂತ. ನೀನು ಗನ್ನು ಕೆಳಗಿಟ್ಟಿದ್ಯಾ ಮುದುಕಪ್ಪ? ಅದನ್ನ ಹೇಳು ಮೊದ್ಲು."

ನಾನು ಹೊರಗೆ ಬಂದು ಅವನ ಕಸದ ಡಬ್ಬಿಯನ್ನು ಒದ್ದೆ. ಕಾಲ್ಬೆರಳು ಊದಿಕೊಂಡು ಒಂದು ವಾರ ಕುಂಟಿದೆ. ನಿನ್ನ ಅಮ್ಮನಿಗೆ ಮೆಟ್ಟಿಲು ಎಡವಿದೆ ಎಂದು ಹೇಳಿದ್ದೇನೆ. ಹಾಗೆಯೇ ಇರಲಿ.

ಹೋದ ವಾರದ ಡ್ರಾಫ್ಟನ್ನು ಈ ಸಲ ಮನೆಯಲ್ಲೇ ಕೂತು ಕೇಳಿದೆ. ಮೂರು ದಿನ, ಇಪ್ಪತ್ತು ಸುತ್ತು, ಮೂವತ್ತು ತಂಡಗಳು ಸರದಿಯಂತೆ ಕೂಗಿದ ಆರುನೂರಕ್ಕೂ ಮೀರಿದ ಹೆಸರು. ಬೇಲಿಗೆ ಎಸೆಯುತ್ತಿದ್ದ ಆ ತೊಂಬತ್ತಾರರ ಶೂರನ ಹೆಸರು ಮೂರನೆಯ ಸುತ್ತಿನಲ್ಲೇ ಬಂತು. ಜೂಡ್ ಫಾಂಟೆನೊ ಎಂದು ಯಾರೂ ಕೂಗಲಿಲ್ಲ. ಕೊನೆಯ ಹೆಸರಿನ ತನಕ ಕೂತಿದ್ದೆ. ಬಾರದೆಂದು ಗೊತ್ತಿದ್ದೂ ಏಕೆ ಕೂತಿದ್ದೆನೋ ನನಗೇ ತಿಳಿಯದು.

ಮಾರನೆಯ ದಿನ ಅವರ ಮನೆಗೆ ಹೋದೆ. ಹೋಗಬೇಕಾಗಿರಲಿಲ್ಲ. ಯಾವ ಸ್ಕೌಟೂ ಹಾಗೆ ಹೋಗುವುದಿಲ್ಲ, ಹೆಸರು ಬರದ ಹುಡುಗರ ಮನೆ ದಾರಿಯನ್ನು ನಾವು ಮರೆತುಬಿಡುತ್ತೇವೆ. ಜೂಡ್ ಕೊಟ್ಟಿಗೆಯ ನೆರಳಿನಲ್ಲಿ ಸೀಗಡಿ ಬಲೆಯ ಬುಟ್ಟಿಗಳನ್ನು ಎಡಗೈಯಲ್ಲಿ ರಿಪೇರಿ ಮಾಡುತ್ತಿದ್ದ. ಬಲಗೈ ಮಡಿಲಲ್ಲಿತ್ತು. ಅಪ್ಪ ಪಕ್ಕದಲ್ಲಿ ಟ್ರ್ಯಾಕ್ಟರಿಗೆ ಎಣ್ಣೆ ಹಾಕುತ್ತಿದ್ದವನು ನನ್ನನ್ನು ನೋಡಿ ಡಬ್ಬಿ ಕೆಳಗಿಟ್ಟ. ಯಾರೂ ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ.

ಜೂಡ್ ತಲೆ ಎತ್ತದೆ ಕೇಳಿದ: "ಸರ್, ಆರನೇ ಇನ್ನಿಂಗ್ಸಲ್ಲಿ ನೀವು ನೋಡಿದ್ರಿ ಅಲ್ವಾ?"

"ನೋಡ್ದೆ" ಎಂದೆ.

"ನಂಗೊತ್ತಿತ್ತು. ಇವರು ನೋಡಿದ್ರು, ಏನಾದ್ರೂ ಆಗೋದಾಗಿದ್ರೆ ಇವರೇ ಹೇಳ್ತಿದ್ರು, ಅಂದ್ರೆ ಏನೂ ಆಗಿಲ್ಲ ಅಂದ್ಕೊಂಡೆ. ಅದಕ್ಕೇ ಎಸೀತಾ ಹೋದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ವೆಂಡೆಲ್. ನನಗೆ ಸಿಟ್ಟು ಬೇಕಾಗಿತ್ತು. ಅವನು ಆ ಬುಟ್ಟಿಯನ್ನು ಎತ್ತಿ ನನ್ನ ಮುಖಕ್ಕೆ ಎಸೆದಿದ್ದರೆ ಅಲ್ಲೇ ನಿಂತು ಹೊಡೆಸಿಕೊಳ್ಳುತ್ತಿದ್ದೆ. ಆಪರೇಷನ್ನು ಈ ಗುರುವಾರ. ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. "ಬೇಡ ಸರ್. ಅಪ್ಪ ಇದಾರೆ" ಎಂದ. ಅಷ್ಟೇ ಮರ್ಯಾದೆಯಿಂದ.

ಸಿಟ್ಟು ಬಂದದ್ದು ಅಲ್ಸೀಡ್‌ಗೆ. ಕಾರಿನ ಬಾಗಿಲಿಗೆ ಕೈ ಇಟ್ಟಿದ್ದೆ, ಹಿಂದಿನಿಂದ ಬಂದ. ಎಣ್ಣೆಗೈಯಲ್ಲೇ ಬಾಗಿಲನ್ನು ಒತ್ತಿ ಹಿಡಿದ.

"ನಮ್ಮ ಮನೇಲಿ ಮೂರು ಸಲ ಅನ್ನ ಹಾಕಿಸ್ಕೊಂಡ್ರಿ. ನನ್ನ ಹೆಂಡ್ತಿ ನಿಮ್ಮ ಹೆಸರಲ್ಲಿ ಮೇಣದಬತ್ತಿ ಹಚ್ಚಿದ್ಲು. ಕೈ ಹೋಗೋದನ್ನ ನೋಡ್ಕೊಂಡು ಕೂತ್ರಿ, ಆಮೇಲೆ ಹೋಗಿ ಬರೆದು ಹಾಕಿದ್ರಿ. ಒಂದು ಕೇಳ್ತೀನಿ, ನಿಜ ಹೇಳಿ. ಇವನು ನಿಮ್ಮ ಹೊಟ್ಟೇಲಿ ಹುಟ್ಟಿದ ಮಗ ಆಗಿದ್ರೆ ಹೀಗೇ ಮಾಡ್ತಿದ್ರಾ?"

ನನಗೆ ಉತ್ತರ ಗೊತ್ತಿತ್ತು. ಅವನು ನನ್ನ ಮುಖ ನೋಡಿ, ಬಾಗಿಲಿಂದ ಕೈ ತೆಗೆದು, ಪಕ್ಕಕ್ಕೆ ಉಗುಳಿ ಹೋದ. ಆ ಎಣ್ಣೆಯ ಗುರುತು ಇನ್ನೂ ಬಾಗಿಲಿನ ಮೇಲಿದೆ. ನಿನ್ನ ಅಮ್ಮ ಎರಡು ಸಲ ಒರೆಸಲು ಹೋದಳು, ಬೈದೆ. ಆ ನಾಲ್ಕು ದಿನದ ಮೌನಕ್ಕೆ ಕಾರಣ ಅದೇ.

ಶುಕ್ರವಾರ ಕೈಲ್ ಫೋನ್ ಮಾಡಿದ. ದನಿಯಲ್ಲಿ ಜೇನು. "ಎಮೆಟ್, ನೀವು ನಮ್ಮ ಮಾನ ಉಳಿಸಿದ್ರಿ. ನಾಲ್ಕನೇ ಸುತ್ತಲ್ಲಿ ಕರೆದು ಕೂತಿದ್ರೆ ನನ್ನ ಕಥೆ ಮುಗೀತಿತ್ತು. ನಿಮ್ಮ ಆ ವರದೀನ ಹೊಸ ಹುಡುಗ್ರಿಗೆಲ್ಲ ಓದಿಸ್ತೀನಿ. ಸ್ಕೌಟು ಅಂದ್ರೆ ಹೀಗಿರ್ಬೇಕು, ಹೀಗೆ ನೋಡ್ಬೇಕು ಅಂತ."

"ಓದಿಸು" ಎಂದೆ. "ಕೆಳಗೆ ಇನ್ನೊಂದು ಸಾಲು ಸೇರಿಸ್ಕೋ. ಈ ಮುದಿಗೊಡ್ಡು ಇದನ್ನ ಕಂಡ ಮೇಲೂ ಎರಡು ಇನ್ನಿಂಗ್ಸು ಕುಂಡೆ ಎತ್ತದೆ ಕೂತಿದ್ದ ಅಂತ. ಕೈಯಲ್ಲಿ ಗನ್ನು ಹಿಡ್ಕೊಂಡು."

"ಏನ್ ಹೇಳ್ತಿದೀರಿ ನೀವು?"

"ಕೆಲಸ ಬಿಟ್ಟೆ ಅಂತ ಹೇಳ್ತಿದೀನಿ."

ಗನ್ನನ್ನೂ ಕಾರಿನ ಕೀಲಿಯನ್ನೂ ಅಂಚೆಯಲ್ಲಿ ಕಳಿಸಿ ಎಂದು ಅವರ ಆಫೀಸಿನ ಹೆಂಗಸು ಕೇಳಿದಳು. ಕಾರು ನನ್ನದೇ ಎಂದು ಅವಳಿಗೆ ಕಾಲು ಗಂಟೆ ವಿವರಿಸಿ ಹೇಳಬೇಕಾಯಿತು. ನಲವತ್ತೊಂದು ವರ್ಷದ ಮೇಲೆ ಅಲ್ಲಿ ನನ್ನ ಬಗ್ಗೆ ಗೊತ್ತಿರುವುದು ಇಷ್ಟು.

ನೀನು ನಿನ್ನ ಕಾಗದದಲ್ಲಿ ಬರೆದದ್ದಕ್ಕೆಲ್ಲ ಉತ್ತರಿಸಿಲ್ಲ, ನೋಡು. ಮರಗೆಲಸದ ತರಗತಿಗೆ ಹೊಸ ಯಂತ್ರ ಬಂತಲ್ಲ, ಸಂತೋಷ. ನಿನ್ನ ವಿದ್ಯಾರ್ಥಿಗಳು ಮಾಡಿದ ಕುರ್ಚಿಯ ಫೋಟೋ ನೋಡಿದೆ. ಕಾಲುಗಳು ಸಮವಾಗಿವೆ. ನಾಡೀನ್‌ಗೆ ಬೆನ್ನು ನೋವು ಕಡಿಮೆಯಾಯಿತೇ? ಅಮ್ಮ ಉಪ್ಪಿನಕಾಯಿ ಹಾಕಿದ ಬೆಂಡೆಯ ಆರು ಬಾಟಲಿ ಕಳಿಸುತ್ತಾಳಂತೆ. ಕಳೆದ ಸಲ ಎರಡು ಒಡೆದುಹೋದವೆಂದು ಈ ಸಲ ನನ್ನ ಹಳೆಯ ಮಳೆಕೋಟಿನಲ್ಲಿ ಸುತ್ತಿ ಕಳಿಸುತ್ತಿದ್ದಾಳೆ. ಕೋಟು ಇಟ್ಟುಕೊಂಡರೂ ಸರಿ, ಎಸೆದರೂ ಸರಿ.

ದೇವರು ನಿನ್ನ ಮನೆಯವರೆಲ್ಲರನ್ನೂ ಕಾಪಾಡಲಿ. ನಿನ್ನ ಮಕ್ಕಳಿಗೆ ಅವರು ಏನು ಮಾಡಿದರೂ ಪಕ್ಕದಲ್ಲಿ ನಿಲ್ಲುವ ಅಪ್ಪ ಇದ್ದಾನೆ. ಆ ವಿಷಯದಲ್ಲಿ ನೀನು ನನ್ನ ಹಾಗಾಗಲಿಲ್ಲ. ಅದಕ್ಕಾಗಿ ಪ್ರತಿ ಭಾನುವಾರ ಮೊಣಕಾಲೂರಿದಾಗ ದೇವರಿಗೆ ವಂದನೆ ಹೇಳುತ್ತೇನೆ.

ನಿನ್ನ ಅಪ್ಪ,
ಎಮೆಟ್ ಟಾಲಿವರ್

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಲ್ಸೀಡ್ ಕೇಳಿದ ಪ್ರಶ್ನೆಗೆ ಉತ್ತರ ನಿನಗೆ ಸಲ್ಲಬೇಕಾದದ್ದು. 1999ರ ಜೂನ್ ಮೂರು, ಆ ವರ್ಷದ ಡ್ರಾಫ್ಟಿನ ಎರಡನೆಯ ದಿನ, ನಿನಗೆ ನೆನಪಿರುತ್ತದೆ. ನಿನಗೂ ಆಗ ಇಪ್ಪತ್ತೆರಡು, ನೀನೂ ಕಾಲೇಜಿನಲ್ಲಿ ಆಡುತ್ತಿದ್ದೆ. ನೀನೂ ಅಮ್ಮನೂ ಎರಡು ದಿನ ಅಡುಗೆಮನೆಯ ಫೋನಿನ ಹತ್ತಿರದಿಂದ ಏಳಲಿಲ್ಲ. ನಾನು ತಂಡದ ಆಫೀಸಿನಲ್ಲಿ, ಹೆಸರು ಆರಿಸುವ ಕೋಣೆಯಲ್ಲಿದ್ದೆ. ಆಗ ಐವತ್ತು ಸುತ್ತು ಇತ್ತು. ಕೊನೆಯ ಸುತ್ತುಗಳಲ್ಲಿ ತಂಡದವರು ತಮ್ಮಲ್ಲೇ ಕೆಲಸ ಮಾಡುವವರ ಮಕ್ಕಳ ಹೆಸರನ್ನು ಕೂಗುತ್ತಿದ್ದರು. ಆಟಕ್ಕಾಗಿ ಅಲ್ಲ, ಒಂದು ಸಂತೋಷಕ್ಕೆ, ಗೋಡೆಗೆ ಹಾಕಿಕೊಳ್ಳಲು ಒಂದು ಕಾಗದಕ್ಕೆ. ಎಲ್ಲ ತಂಡಗಳಲ್ಲೂ ನಡೆಯುತ್ತಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಲವತ್ತೇಳನೆಯ ಸುತ್ತಿನಲ್ಲಿ ನಮ್ಮ ಆಗಿನ ದೊಡ್ಡವರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿ, "ಎಮೆಟ್, ನಿನ್ನ ಹುಡುಗನ್ನ ಕೂಗ್ಲಾ?" ಎಂದರು. ಕೋಣೆಯಲ್ಲಿದ್ದ ಎಲ್ಲರೂ ನಗುಮುಖದಿಂದ ನನ್ನನ್ನೇ ನೋಡುತ್ತಿದ್ದರು. "ಬೇಡ. ಅವನು ಆಟಗಾರನಲ್ಲ" ಎಂದೆ. ಪ್ರಾಮಾಣಿಕತೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಟಾಲಿವರ್ ಸ್ವಂತ ಮಗನನ್ನೂ ಬಿಡುವುದಿಲ್ಲ ಎಂದು ಆ ಹನ್ನೆರಡು ಜನ ಅಂದುಕೊಳ್ಳಲಿ ಎಂದು ಹಾಗೆ ಹೇಳಿದೆ. ಅವರು ಬೇರೆ ಯಾರದೋ ಮಗನ ಹೆಸರನ್ನು ಕೂಗಿದರು. ನಿನ್ನ ಅಮ್ಮನಿಗೆ ಇವತ್ತಿಗೂ ಇದು ಗೊತ್ತಿಲ್ಲ. ಅವತ್ತು ಸಂಜೆ ನಾನು ಮನೆಗೆ ಫೋನ್ ಮಾಡಿ, ಆಗಲಿಲ್ಲ ಕಣೋ, ಯಾರೂ ಕೂಗಲಿಲ್ಲ ಎಂದೆ. ನೀನು, "ಹೋಗ್ಲಿ ಬಿಡಿ ಅಪ್ಪ. ನೀವು ನನಗೋಸ್ಕರ ಹೇಳಿದ್ರಲ್ಲ, ಅಷ್ಟು ಸಾಕು" ಎಂದೆ. ನಾನು ಹೌದು ಮಗನೇ, ಹೇಳಿದೆ ಎಂದೆ.